ಗರಡಿಯೂ ಗೋಷ್ಠಿಯೂ

ದೇಹಬಲದ ಸಾಧನೆಯು ತತ್ತ್ವವಿಚಾರಕ್ಕೆ ಹೊರಗಾದುದೆಂಬ ಭಾವನೆಯು ಓದುಬಲ್ಲವರಲ್ಲಿ ಹಲವರಿಗುಂಟು. ತಾಲೀಮಿಗೆ ಹೋದ ಹುಡುಗನು ಪಾಠಕ್ಕೆ ಬಾರನೆಂಬುದು ಪಾಠಶಾಲೆಯ ಹಿರಿಯರ ಹಳೆಯ ದೂರೇ ಆಗಿದೆ. ಆದರೆ ಕನ್ನಡನಾಡಿನ ಚರಿತ್ರೆಯು ಈ ಭಾವನೆಗೆ ಸಾಕ್ಷಿ ನುಡಿಯುವುದಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಶಸ್ತ್ರವಿನೋದವೂ ಶಾಸ್ತ್ರವಿನೋದವೂ ಅಕ್ಕಪಕ್ಕದಲ್ಲಿಯೇ ಕುಳಿತಿವೆ. ಮಲ್ಲವಿನೋದದಲ್ಲಿ ಜಟ್ಟಿಗಳ ಆಹಾರ, ಅಭ್ಯಾಸಗಳನ್ನು ಆ ಅರಸನು ಸಾವಧಾನವಾಗಿ ನಿರೂಪಿಸಿದ್ದಾನೆ.

ಆ ಶತಮಾನವು ಕಳೆಯುವ ಮೊದಲೇ ಅದೇ ಕಲ್ಯಾಣದಲ್ಲಿ ಶರಣರ ಅನುಭಾವಗೋಷ್ಠಿಯು ನೆರೆಯಿತು. ಅಲ್ಲಿ ಶರೀರಶ್ರಮವು ಹೀನವೆನಿಸಲಿಲ್ಲ. ಕಲ್ಯಾಣವು ಕದಡಿದಾಗ ವಚನದ ಕಟ್ಟುಗಳನ್ನು ಉಳಿಸಲು ಮಡಿವಾಳ ಮಾಚಿದೇವರು ಆಯುಧವನ್ನು ಹಿಡಿದು ಬೆನ್ನಟ್ಟಿದ ದಂಡಿಗೆ ಎದುರಾದರೆಂದು ಶರಣಪರಂಪರೆಯು ಹೇಳುತ್ತದೆ. ಬಟ್ಟೆ ಒಗೆಯುವ ಕಾಯಕದ ಕೈ ಅದು. ಹಿಡಿದ ಆಯುಧವು ಯಾರ ಸಲುವಾಗಿ ಎಂಬ ಪ್ರಶ್ನೆಗೆ ಆ ಕಥೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಈ ಪ್ರಶ್ನೆಯೇ ಎಂಟು ಶತಮಾನಗಳ ತರುವಾಯ ಬೆಂಗಳೂರಿನಲ್ಲಿ ಬೇರೊಂದು ರೂಪದಿಂದ ಎದ್ದಿತು. ೧೯೨೨ರಲ್ಲಿ ಕೋಲಾರದ ಕೆ. ವಿ. ಅಯ್ಯರ್ ಅವರು ಚಾಮರಾಜಪೇಟೆಗೆ ಸಮೀಪದ ಟಿಪ್ಪುವಿನ ಅರಮನೆಯಲ್ಲಿ ವ್ಯಾಯಾಮಶಾಲೆಯನ್ನು ತೆರೆದರು. ಅಲ್ಲಿ ಕಲಿಸುತ್ತಿದ್ದುದು ಕತ್ತಿವರಸೆಯಲ್ಲ, ದೇಹದಾರ್ಢ್ಯ. ಅದರೊಡನೆ ಆಸನ, ಸೂರ್ಯನಮಸ್ಕಾರಗಳನ್ನು ಅವರು ಜೋಡಿಸಿದರು. ಭಾರ ಎತ್ತುವ ಈ ಮಹನೀಯರೇ ಹೊಯ್ಸಳ ರಾಣಿಯನ್ನು ಕುರಿತು ಶಾಂತಲಾ ಎಂಬ ಕಾದಂಬರಿಯನ್ನೂ ಬರೆದರೆಂಬುದು ಸಾಮಾನ್ಯ ಸಂಗತಿಯಲ್ಲ.

ಇವರ ಆಪ್ತಮಿತ್ರರು ಟಿ. ಪಿ. ಕೈಲಾಸಂ. ಲಂಡನಿನಲ್ಲಿ ಭೂಗರ್ಭಶಾಸ್ತ್ರವನ್ನು ಕಲಿತು ಬಂದು, ಮೈಸೂರು ಸರ್ಕಾರದ ಕೆಲಸವನ್ನು ತೊರೆದು ನಾಟಕಕ್ಕೆ ತಮ್ಮನ್ನು ಕೊಟ್ಟುಕೊಂಡವರು. ಸಂಪಾದಿಸಿದುದನ್ನು ಕೂಡಿಡಲಿಲ್ಲ, ಆಡಿದುದನ್ನು ಬರೆದಿಡಲಿಲ್ಲ. ಅವರು ಬಾಯಲ್ಲಿ ಹೇಳಿದುದನ್ನು ಗೆಳೆಯರು ಬರೆದುಕೊಂಡದ್ದರಿಂದಲೇ ಎಷ್ಟೋ ಕೃತಿಗಳು ಉಳಿದವು. ಸಂಭಾಷಣೆಯೇ ಅವರ ಗ್ರಂಥರಚನೆ. ಬಾಳನ್ನು ಇಷ್ಟು ಉತ್ಕಟವಾಗಿ ಬಾಳಿದವರಿಗೆ ಬರಹದ ಶಿಸ್ತೂ ಇದ್ದಿದ್ದರೆ ಕನ್ನಡಕ್ಕೆ ಇನ್ನೂ ಹೆಚ್ಚು ದಕ್ಕುತ್ತಿತ್ತೆಂದು ವ್ಯಥೆಯಾಗುವುದು ಸಹಜವೇ.

೧೯೪೪ರಲ್ಲಿ ಅವರ ‘ದಿ ಪರ್ಪಸ್’ ಎಂಬ ಇಂಗ್ಲಿಷ್ ನಾಟಕವು ಅಚ್ಚಾಯಿತು. ವಸ್ತುವು ಏಕಲವ್ಯನ ಕಥೆ, ಆದರೆ ಪ್ರಶ್ನೆಯು ಹೊಸದು: ಬಿಲ್ವಿದ್ಯೆಯನ್ನು ಕಲಿಯುವುದೇತಕ್ಕೆ? ಅರ್ಜುನನಿಗೆ ಬೇಕಾದುದು ಲೋಕದ ಮೊದಲ ಬಿಲ್ಲಾಳೆಂಬ ಹೆಸರು. ಬೇಡರ ಹುಡುಗನಿಗೆ ಬೇಕಾದುದು ತೋಳಗಳ ಬಾಯಿಂದ ಜಿಂಕೆಯ ಮರಿಗಳನ್ನು ಬಿಡಿಸುವ ಶಕ್ತಿ. ವ್ಯಾಸಭಾರತದಲ್ಲಿ ಈ ಮರಿಗಳಿಲ್ಲ. ಕೈಲಾಸಂ ಅವರು ತಂದು ನಿಲ್ಲಿಸಿದ ಈ ಮೂಕಪ್ರಾಣಿಗಳಿಂದಾಗಿ ಇಡೀ ಕಥೆಯ ತೂಕವೇ ಬದಲಾಗುತ್ತದೆ. ಗುರುವಿನ ಮಾತನ್ನು ಉಳಿಸಲು ಹೆಬ್ಬೆರಳನ್ನು ಕೊಡುವುದು ಶಿಷ್ಯಧರ್ಮದ ಪರಾಕಾಷ್ಠೆಯೆಂದು ಕೇಳಿ ಬೆಳೆದವರೂ, ಮರಿಗಳನ್ನು ಇನ್ನು ಕಾಯುವವರಾರು ಎಂದು ಒಮ್ಮೆ ತಡೆಯಬೇಕಾಗುತ್ತದೆ.

ಕೈಲಾಸಂ ೧೯೪೬ರಲ್ಲಿ ತೀರಿಕೊಂಡರು. ೧೯೮೦ರವರೆಗೆ ಬಾಳಿದ ಅಯ್ಯರ್ ಅವರು ಆ ಗೆಳೆಯನ ನೆನಪುಗಳನ್ನು ‘ಕೈಲಾಸಂ ಸ್ಮರಣೆ’ಯಲ್ಲಿ ಬರೆದಿಟ್ಟರು.