ಅಪರಾಧ ದಾಖಲೆಗಳು (ದಾವಣಗೆರೆ ಜಿಲ್ಲೆ)

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಅಪರಾಧ ದಾಖಲೆಗಳು ಒಂದೇ ಕಚೇರಿಯಲ್ಲಿ ದೊರೆಯುವುದಿಲ್ಲ. ಪ್ರಥಮ ವರ್ತಮಾನ ವರದಿಯು ಪೊಲೀಸ್ ಠಾಣೆಯಲ್ಲೂ, ತೀರ್ಪು ನ್ಯಾಯಾಲಯದಲ್ಲೂ ಇರುತ್ತದೆ.

ಹಳೆಯ ದಾಖಲೆ ಹುಡುಕುವವರು ಮೊದಲು ಪ್ರಕರಣದ ವರ್ಷವನ್ನು ಗಮನಿಸಬೇಕು. ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಆದ್ದರಿಂದ ಅಂದಿನ ಸೆಷನ್ಸ್ ಪ್ರಕರಣಗಳ ವಿಚಾರಣೆ ಆ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ನಡೆಯುತ್ತಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟ ಹೊಸ ತಾಲ್ಲೂಕಾದುದರಿಂದ ಅಲ್ಲಿನ ಹಳೆಯ ಪ್ರಕರಣಗಳನ್ನು ಹೊನ್ನಾಳಿಯ ಹೆಸರಿನಲ್ಲೇ ಹುಡುಕುವುದು ಸರಿ.

ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಪ್ರಥಮ ವರ್ತಮಾನ ವರದಿಯನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಪ್ರಕಟಿಸಬೇಕು. ದೂರುದಾರರಿಗೆ ಅದರ ಪ್ರತಿ ಉಚಿತ. ಪ್ರಕರಣದ ಸ್ಥಿತಿಯನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದಲೋ 16 ಅಕ್ಷರಾಂಕಗಳ ಸಿಎನ್‌ಆರ್ ಸಂಖ್ಯೆಯಿಂದಲೋ ನೋಡಬಹುದು. ಆದರೆ ತೆರೆಯ ಮೇಲಿನ ಪ್ರತಿ ದೃಢೀಕೃತ ನಕಲಲ್ಲ. ಅದಕ್ಕೆ ಸಂಬಂಧಪಟ್ಟ ನ್ಯಾಯಾಲಯದ ನಕಲು ಶಾಖೆಗೆ ಶುಲ್ಕಸಹಿತ ಅರ್ಜಿ ಸಲ್ಲಿಸಬೇಕು. ಉದ್ಯೋಗಕ್ಕೆ ಬೇಕಾದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾಸಿಂಧು ಮೂಲಕ ಅರ್ಜಿ ಹಾಕಬಹುದು.

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಕೇಳಿದರೂ ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ನಿರಾಕರಿಸಲು ಅವಕಾಶವಿದೆ. ಅತ್ಯಾಚಾರ ಸಂತ್ರಸ್ತರ ಹಾಗೂ ಪ್ರಕರಣದಲ್ಲಿ ಸಿಲುಕಿದ ಮಕ್ಕಳ ಗುರುತು ಬಹಿರಂಗಪಡಿಸುವುದು ಅಪರಾಧ. ಹೆಸರು ವರದಿಯಲ್ಲಿದ್ದ ಮಾತ್ರಕ್ಕೆ ವ್ಯಕ್ತಿ ಅಪರಾಧಿಯಲ್ಲ. ಊರಿನಲ್ಲಿ ಒಂದೇ ಹೆಸರಿನವರು ಹಲವರಿರುವುದೂ ಉಂಟು. ತಂದೆಯ ಹೆಸರು, ಗ್ರಾಮ ಮತ್ತು ಅಂತಿಮ ತೀರ್ಪನ್ನು ಹೋಲಿಸಿ ನೋಡುವುದು ಅವಶ್ಯ.