ಸಮತೋಲಿತ ಹೆಡ್‌ಫೋನ್ ನಿರ್ಗಮ

ಸಮತೋಲಿತ ಹೆಡ್‌ಫೋನ್ ನಿರ್ಗಮ: ಅಂಕೀಯ ಧ್ವನಿಪರಿವರ್ತಕದಿಂದ, ಎಂದರೆ ಲೋಕರೂಢಿಯ ಡ್ಯಾಕ್‌ನಿಂದ, ಹೊರಡುವ ಸಂಕೇತವನ್ನು ಎಡಬಲ ಕಿವಿಗಳಿಗೆ ತಲಾ ಎರಡು ಪ್ರತ್ಯೇಕ ತಂತಿಗಳಲ್ಲಿ, ಒಂದರಲ್ಲಿ ಮೂಲರೂಪವಾಗಿಯೂ ಇನ್ನೊಂದರಲ್ಲಿ ಅದರ ವಿಲೋಮರೂಪವಾಗಿಯೂ, ಸಾಗಿಸುವ ವ್ಯವಸ್ಥೆ. ಸಾಮಾನ್ಯವಾದ 3.5 ಅಥವಾ 6.35 ಮಿ.ಮೀ. ಪಿನ್ನಿನ ನಿರ್ಗಮದಲ್ಲಾದರೋ ಎರಡು ಕಿವಿಗಳ ವಿದ್ಯುತ್ತೂ ಗ್ರೌಂಡ್ ಎಂಬ ಒಂದೇ ಮಾರ್ಗದಲ್ಲಿ ಮರಳುತ್ತದೆ.

ಅಂಕಗಳ ಸಾಲಾಗಿ ಬಂದ ಧ್ವನಿಯನ್ನು ಅವಿಚ್ಛಿನ್ನ ವಿದ್ಯುತ್ತರಂಗವಾಗಿ ಮಾರ್ಪಡಿಸುವ ಉತ್ತಮ ಚಿಪ್‌ಗಳಲ್ಲಿ ಅನೇಕವು ಪ್ರತಿ ವಾಹಿನಿಗೂ ಪರಸ್ಪರ ವಿಲೋಮವಾದ ಎರಡು ಸಂಕೇತಗಳನ್ನು ಸ್ವಭಾವತಃ ನೀಡುತ್ತವೆ. ಸಾಧಾರಣ ಉಪಕರಣವು ಇವೆರಡರ ಅಂತರವನ್ನು ತೆಗೆದು ಒಂದಾಗಿಸುವುದು; ಸಮತೋಲಿತ ಉಪಕರಣವು ನಾಲ್ಕು ಆಂಪ್ಲಿಫೈಯರ್‌ಗಳಿಂದ ಹೆಡ್‌ಫೋನಿನ ಪ್ರತಿ ಸುರುಳಿಯ ಎರಡು ತುದಿಗಳನ್ನೂ ಚಾಲನೆಗೊಳಿಸುವುದು. ಇಳಕಲ್ಲಿನ ಮಗ್ಗದಲ್ಲಿ ನೇಕಾರನು ಕಾಲಿನಿಂದ ತುಳಿದೊಡನೆ ಹಾಸಿನ ಒಂದು ಪದರ ಮೇಲೇರಿ ಇನ್ನೊಂದು ಕೆಳಗಿಳಿದು, ಲಾಳಿಯ ದಾರಿಯು ಒಂದೇ ಪದರದ ಚಲನೆಯಿಂದ ಆಗಬಹುದಾದುದಕ್ಕಿಂತ ಇಮ್ಮಡಿಯಾಗಿ ತೆರೆಯುವಂತೆ, ಇಲ್ಲಿಯೂ ಒಂದು ತುದಿ ಏರುವಾಗ ಮತ್ತೊಂದು ಇಳಿದು, ಸುರುಳಿಗೆ ದೊರೆಯುವ ವೋಲ್ಟೇಜು ಇಮ್ಮಡಿಸುತ್ತದೆ.

ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, 300 ಓಮ್ ರೋಧದ ಹೆಡ್‌ಫೋನಿಗೆ 2 ವೋಲ್ಟಿನಲ್ಲಿ ಸುಮಾರು 13 ಮಿಲಿವಾಟ್ ದೊರೆತರೆ 4 ವೋಲ್ಟಿನಲ್ಲಿ ಸುಮಾರು 53 ಮಿಲಿವಾಟ್, ಎಂದರೆ ನಾಲ್ಮಡಿ, ದೊರೆಯುತ್ತದೆ. ಧ್ವನಿಯ ಮಟ್ಟ 6 ಡೆಸಿಬೆಲ್ ಏರುತ್ತದೆ. ಅಲ್ಪರೋಧದ ಹೆಡ್‌ಫೋನುಗಳಲ್ಲಿ ಆಂಪ್ಲಿಫೈಯರಿನ ವಿದ್ಯುತ್ಪ್ರವಾಹದ ಮಿತಿಯು ಈ ಲಾಭವನ್ನು ಕುಗ್ಗಿಸಬಹುದು. ಮರಳುವ ಮಾರ್ಗಗಳು ಬೇರೆಬೇರೆಯಾದುದರಿಂದ ಒಂದು ಕಿವಿಯ ಸಂಕೇತ ಇನ್ನೊಂದಕ್ಕೆ ಸೋರುವುದೂ ತಗ್ಗುತ್ತದೆ: 32 ಓಮ್ ಹೆಡ್‌ಫೋನಿನ ಸಾಮಾನ್ಯ ಮಾರ್ಗದಲ್ಲಿ 0.1 ಓಮ್ ರೋಧವಿದ್ದರೂ ಸೋರಿಕೆಯು ಮೂಲಕ್ಕಿಂತ ಕೇವಲ 50 ಡೆಸಿಬೆಲ್ ಕೆಳಗಿರುತ್ತದೆ. ಒಂದೇ ಸುರುಳಿಯನ್ನು ಚಾಲಿಸುವ ಎರಡೂ ಆಂಪ್ಲಿಫೈಯರ್‌ಗಳಲ್ಲಿ ಸಮಾನವಾಗಿ ಹುಟ್ಟುವ ಸಮಸಂಖ್ಯಾಕ ವಿರೂಪವು ಪರಸ್ಪರ ಅಳಿಯುವುದು ಮತ್ತೊಂದು ಗುಣ. ಆದರೆ ನಿರ್ಗಮರೋಧವೂ ಇಮ್ಮಡಿಸುವುದೆಂಬುದನ್ನು ಮರೆಯಲಾಗದು.

ಹೊರಗಿನ ಗದ್ದಲವನ್ನು ಅಳಿಸುವುದೇ ಈ ವ್ಯವಸ್ಥೆಯ ಮುಖ್ಯ ಪ್ರಯೋಜನವೆಂಬ ಜನಜನಿತ ಭಾವನೆ ಯುಕ್ತವಲ್ಲ. ಬಾದಾಮಿಯ ಚಾಲುಕ್ಯ ಉತ್ಸವದಂಥ ಬಯಲು ವೇದಿಕೆಗಳಲ್ಲಿ ಮೈಕಿನ ದುರ್ಬಲ ಸಂಕೇತವು ದೀಪದ ತಂತಿಗಳ ಪಕ್ಕದಲ್ಲಿ ಹತ್ತಾರು ಮೀಟರ್ ಸಾಗಬೇಕಾದುದರಿಂದ, ಎರಡು ತಂತಿಗಳಿಗೂ ಸಮನಾಗಿ ತಗುಲಿದ ಗುಂಯ್‌ಕಾರವು ಮಿಕ್ಸರಿನಲ್ಲಿ ಅಂತರ ತೆಗೆದಾಗ ಅಳಿಯುವುದು ಅಲ್ಲಿ ಅತ್ಯಾವಶ್ಯಕ. ಹೆಡ್‌ಫೋನಿನ ತಂತಿಯಾದರೋ ಗಿಡ್ಡ, ಸಂಕೇತ ಪ್ರಬಲ. ಅಲ್ಲಿ ಈ ಲಾಭ ನಗಣ್ಯ.

ನಾಲ್ಕು ಪಿನ್ನಿನ ಎಕ್ಸ್‌ಎಲ್‌ಆರ್, 2.5 ಮಿ.ಮೀ. ಮತ್ತು 4.4 ಮಿ.ಮೀ. ಪೆಂಟಾಕಾನ್ ಇದರ ಪ್ರಚಲಿತ ಸಂಯೋಜಕಗಳು. ಸಮತೋಲಿತ ನಿರ್ಗಮಕ್ಕೆ ಅಡಾಪ್ಟರ್ ಹಾಕಿ ಸಾಮಾನ್ಯ ಹೆಡ್‌ಫೋನನ್ನು ಜೋಡಿಸಕೂಡದು. ಎಡಬಲಗಳ ವಿಲೋಮ ತುದಿಗಳು ಕೂಡಿಕೊಂಡು ಆಂಪ್ಲಿಫೈಯರ್ ಕೆಡಬಹುದು. ಸಾಮಾನ್ಯ ನಿರ್ಗಮಕ್ಕೆ ನಾಲ್ಕು ತಂತಿಯ ಹೆಡ್‌ಫೋನನ್ನು ತಕ್ಕ ಅಡಾಪ್ಟರಿನಿಂದ ಜೋಡಿಸುವುದು ನಿರಪಾಯ. ಶ್ರೇಷ್ಠತೆಯು ಹೆಸರಿನಿಂದಲ್ಲ, ಹೆಡ್‌ಫೋನಿಗೆ ಬೇಕಾದ ವೋಲ್ಟೇಜು ಮತ್ತು ಉಪಕರಣದ ಮಾಪಿತ ಗುಣಗಳಿಂದ ನಿಶ್ಚಯವಾಗತಕ್ಕದ್ದು.