ಸಿಂಟಿಲೇಟರ್ ಶೋಧಕಗಳು: ವಿನ್ಯಾಸ ಮತ್ತು ಪರೀಕ್ಷೆಯ ಇತಿಹಾಸ

ಸಿಂಟಿಲೇಟರ್ ಎಂದರೆ ವಿದ್ಯುದಾವೇಶವುಳ್ಳ ಕಣ ಹಾಯ್ದಾಗ ಕ್ಷಣಮಾತ್ರ ಮಿನುಗುವ ವಸ್ತು. ಆ ಮಿನುಗನ್ನು ಎಣಿಸಲು ಬರುವ ಸಂಕೇತವಾಗಿ ಮಾರ್ಪಡಿಸುವ ಸಾಧನವನ್ನು ಜೋಡಿಸಿದರೆ ಅದು ಶೋಧಕವಾಗುತ್ತದೆ. ಕಂಡ ಮಿನುಗನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯೇ ಇದರ ವಿನ್ಯಾಸವನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ತಿದ್ದುತ್ತ ಬಂದಿದೆ.

ಕಣ್ಣಿನ ಕಾಲ

1903ರಲ್ಲಿ ವಿಲಿಯಂ ಕ್ರೂಕ್ಸ್ ಸತುವಿನ ಸಲ್ಫೈಡ್ ಬಳಿದ ತೆರೆಯ ಬಳಿ ರೇಡಿಯಂ ಇಟ್ಟು ಮಸೂರದಲ್ಲಿ ನೋಡಿದಾಗ ಬೆಳಕಿನ ಚುಕ್ಕಿಗಳು ಮಿನುಗಿ ಮಾಯವಾಗುತ್ತಿದ್ದವು. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಇಂಥ ತೆರೆಯ ಮೇಲೆಯೇ, ಲೋಹದ ತೆಳುಹಾಳೆಗೆ ಬಡಿದು ಹಿಂದಿರುಗಿದ ಆಲ್ಫಾ ಕಣಗಳನ್ನು ಎಣಿಸಿದರು. 1911ರಲ್ಲಿ ರುದರ್‌ಫರ್ಡ್ ಮಂಡಿಸಿದ ಪರಮಾಣು ಮಾದರಿಗೆ ಆ ಎಣಿಕೆಯೇ ತಳಹದಿ. ಎಣಿಸುವವರು ಕಣ್ಣು ಹೊಂದಿಕೊಳ್ಳುವವರೆಗೆ ಕತ್ತಲಲ್ಲಿ ಕೂರಬೇಕಿತ್ತು. ಕಣ್ಣು ಬೇಗ ದಣಿಯುವುದರಿಂದ ನಡುನಡುವೆ ವಿಶ್ರಾಂತಿ ಬೇಕೇ ಬೇಕಿತ್ತು.

1920ರ ದಶಕದಲ್ಲಿ ಕೇಂಬ್ರಿಜ್ ಮತ್ತು ವಿಯೆನ್ನಾದ ಪ್ರಯೋಗಾಲಯಗಳ ಮಿನುಗಿನ ಎಣಿಕೆಗಳು ತಾಳೆಯಾಗಲಿಲ್ಲ. 1927ರ ಡಿಸೆಂಬರಿನಲ್ಲಿ ಜೇಮ್ಸ್ ಚಾಡ್ವಿಕ್ ವಿಯೆನ್ನಾಕ್ಕೆ ಹೋಗಿ, ತೆರೆಗೆ ಏನು ಬಡಿಯುತ್ತಿದೆ ಎಂಬುದನ್ನು ಎಣಿಸುವವರಿಗೆ ತಿಳಿಸದೆ ಎಣಿಸಲು ಹೇಳಿದರು. ಅಲ್ಲಿಯವರೆಗೆ ಸಿಗುತ್ತಿದ್ದ ಹೆಚ್ಚುವರಿ ಎಣಿಕೆ ಆಗ ಸಿಗಲಿಲ್ಲ. ಎಣಿಸುವವರ ಪ್ರಾಮಾಣಿಕತೆಯಲ್ಲಿ ಕೊರತೆ ಇರಲಿಲ್ಲ. ನಿರೀಕ್ಷೆ ಕಣ್ಣಿಗೆ ಮೋಸ ಮಾಡಿತ್ತು.

ನಳಿಕೆಯ ಕಾಲ

1944ರಲ್ಲಿ ಕರನ್ ಮತ್ತು ಬೇಕರ್ ಕಣ್ಣಿನ ಜಾಗದಲ್ಲಿ ಫೋಟೊಮಲ್ಟಿಪ್ಲೈಯರ್ ನಳಿಕೆಯನ್ನು ಕೂರಿಸಿದರು. ಬೆಳಕು ಹೊರಡಿಸಿದ ಒಂದು ಎಲೆಕ್ಟ್ರಾನನ್ನು ಈ ನಳಿಕೆ ಹತ್ತು ಲಕ್ಷದಷ್ಟಕ್ಕೆ ಹೆಚ್ಚಿಸಬಲ್ಲದು. 1947ರಲ್ಲಿ ಬರ್ಲಿನ್ನಿನ ಹಾರ್ಟ್‌ಮಟ್ ಕಾಲ್ಮನ್ ನುಸಿಗುಳಿಗೆಯ ನ್ಯಾಫ್ತಲೀನ್‌ನಲ್ಲಿ ಮಿನುಗು ಕಂಡರು. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳನ್ನು ತಂದರು. ಬೆನ್ನಿಗೇ ದ್ರವ ಮತ್ತು ಪ್ಲಾಸ್ಟಿಕ್ ಸಿಂಟಿಲೇಟರ್‌ಗಳು ಬಂದವು. ಕಣದ ಶಕ್ತಿಯನ್ನು ನಿಖರವಾಗಿ ಅಳೆಯಲು ಹರಳು ಮೇಲು. ಕಣ ಬಂದ ಕ್ಷಣವನ್ನು ಗುರುತಿಸಲು, ಕೆಲವೇ ನ್ಯಾನೊಸೆಕೆಂಡಿನಲ್ಲಿ ಮಿನುಗಿ ಆರುವ ಪ್ಲಾಸ್ಟಿಕ್ ಮೇಲು.

ಪರೀಕ್ಷೆಯ ಕ್ರಮ

ಪ್ಲಾಸ್ಟಿಕ್ ಹಲಗೆಯ ಅಂಚುಗಳನ್ನು ಗಾಜಿನಂತೆ ಹೊಳಪಿಸಿ, ಬೆಳಕನ್ನು ಒಳಕ್ಕೇ ತಿರುಗಿಸುವ ಹಾಳೆ ಸುತ್ತಿ, ಅದರ ಮೇಲೆ ಕಪ್ಪು ಕಾಗದ, ಕಪ್ಪು ಟೇಪು ಬಿಗಿಯುತ್ತಾರೆ. ಕೋಣೆಯ ದೀಪ ಹಾಕಿದಾಗ ಎಣಿಕೆ ಏರಿದರೆ ಎಲ್ಲೋ ಬೆಳಕು ಸೋರುತ್ತಿದೆ ಎಂದೇ ಅರ್ಥ. ಆ ಸಂದು ಮುಚ್ಚುವವರೆಗೆ ಬೇರೆ ಅಳತೆಗೆ ಬೆಲೆಯಿಲ್ಲ.

ಮುಂದಿನ ಪರೀಕ್ಷೆಗೆ ಬೇಕಾದ ಕಣಗಳು ಆಕಾಶದಿಂದಲೇ ಬರುತ್ತವೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ವಿಶ್ವಕಿರಣಗಳಿಂದ ಹುಟ್ಟಿದ ಸುಮಾರು ಒಂದು ಮ್ಯೂಆನ್ ಕಣ ಬೀಳುತ್ತದೆ. ಹೊಸ ಹಲಗೆಯನ್ನು ಎರಡು ಹಳೆಯ ಹಲಗೆಗಳ ನಡುವೆ ಇಡುತ್ತಾರೆ. ಮೇಲಿನದೂ ಕೆಳಗಿನದೂ ಒಟ್ಟಿಗೆ ಮಿನುಗಿದರೆ ಮ್ಯೂಆನ್ ನಡುವಿನದನ್ನೂ ದಾಟಿರಬೇಕು. ಅಂಥ ನೂರು ಸಲದಲ್ಲಿ ನಡುವಿನದು ಎಷ್ಟು ಸಲ ಸಂಕೇತ ಕೊಟ್ಟಿತೋ ಅದೇ ಅದರ ದಕ್ಷತೆ.

ಪ್ರಯೋಗಗಳಲ್ಲಿ

1956ರಲ್ಲಿ ರೈನೆಸ್ ಮತ್ತು ಕೋವನ್ ಅಮೆರಿಕದ ಸವಾನಾ ರಿವರ್ ರಿಯಾಕ್ಟರಿನ ಬಳಿ, ದ್ರವ ಸಿಂಟಿಲೇಟರ್ ತೊಟ್ಟಿಗಳಿಂದ, ವಸ್ತುವನ್ನು ಬಹುಪಾಲು ಸುಳಿವಿಲ್ಲದೆ ದಾಟಿಹೋಗುವ ನ್ಯೂಟ್ರಿನೊ ಎಂಬ ಕಣದ ಇರವನ್ನು ಖಚಿತಪಡಿಸಿದರು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ಪ್ಲಾಸ್ಟಿಕ್ ಸಿಂಟಿಲೇಟರ್‌ನ ಗೋಡೆಗಳನ್ನೇ ನಿಲ್ಲಿಸಿದರು. ಆ ಆಳಕ್ಕೆ ಮೇಲಿನಿಂದ ಮ್ಯೂಆನ್ ಇಳಿಯುವುದೇ ಅಪರೂಪ. ಅಡ್ಡಡ್ಡವಾಗಿ ಹಾಯ್ದ ಮ್ಯೂಆನ್ ಸುತ್ತಲ ಬಂಡೆಯಲ್ಲಿ ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು. 1965ರಲ್ಲಿ ಅಂಥ ಮ್ಯೂಆನ್‌ಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಮೊದಲು ಪತ್ತೆಯಾದದ್ದು ಇಲ್ಲಿ ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ. ಕೋಲಾರದ ಗಣಿಗಾರಿಕೆ 2001ರಲ್ಲಿ ನಿಂತರೂ ಈ ಗೌರವದಲ್ಲಿ ಆ ಊರಿಗೂ ಪಾಲಿದೆ.

ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ ಸುಮಾರು 400 ಪ್ಲಾಸ್ಟಿಕ್ ಶೋಧಕಗಳಿವೆ. ಅವುಗಳಿಗೆ ಬೇಕಾದ ಸಿಂಟಿಲೇಟರನ್ನು ಅಲ್ಲಿನ ಪ್ರಯೋಗಾಲಯವೇ ತಯಾರಿಸಿತು. ಸರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗದಲ್ಲಿ 75,848 ಸೀಸದ ಟಂಗ್‌ಸ್ಟೇಟ್ ಹರಳುಗಳಿವೆ. ಚೀನಾದ ಜೂನೊ ನ್ಯೂಟ್ರಿನೊ ಪ್ರಯೋಗದಲ್ಲಿ 20,000 ಟನ್ ದ್ರವ ಸಿಂಟಿಲೇಟರ್ ತುಂಬಿದೆ. ಗಾತ್ರ ಇಷ್ಟು ಬೆಳೆದರೂ, ತಲೆಯ ಮೇಲಿಂದ ಸುರಿಯುವ ಮ್ಯೂಆನ್‌ಗಳನ್ನು ಒರೆಗಲ್ಲಾಗಿಸಿ ಹೊಸ ಶೋಧಕವನ್ನು ಪರೀಕ್ಷಿಸುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.